ಬೆರಳು ಮತ್ತು ಮೌಸ್

ಸ್ಮರಣ ಸಂಚಿಕೆಗೆ ನಾನೂ ಒಂದೆರಡು ಪುಟ ಬರೆಯಬೇಕೆಂದು ಸಂಪಾದಕ ಮಿತ್ರರು ಆಗ್ರಹಪಡಿಸಿದಾಗ, ಹಿರಿದಾದ ವಿಷಯವನ್ನು ಆರಿಸಿಕೊಳ್ಳುವ ಧೈರ್ಯ ನನಗಾಗಲಿಲ್ಲ. ಇಪ್ಪತ್ತೆಂಟು ವರ್ಷ ಸೀಮೆಸುಣ್ಣ ಹಿಡಿದ ಈ ಕೈ ತಡವಾಗಿ ಕಲಿತ ಪಾಠವೊಂದನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ.

2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಬಾಗಲಗುಂಟೆಯ ನನ್ನ ಮನೆಯೇ ತರಗತಿಯಾಯಿತು. ಮಗ ತಂದುಕೊಟ್ಟ ಟ್ಯಾಬ್ಲೆಟ್ಟೇ ಕಪ್ಪುಹಲಗೆಯಾಯಿತು. ಪುಟ ತಿರುವಲು, ಚಿತ್ರ ಹಿಗ್ಗಿಸಲು ಬೆರಳೊಂದೇ ಸಾಕಾಗಿತ್ತು. ಆ ಸೌಲಭ್ಯವೇ ನನ್ನನ್ನು ಮೈಮರೆಸಿತು. ಕಿರುಪರೀಕ್ಷೆಯ ಅಂಕಪಟ್ಟಿಯನ್ನೂ ಅದೇ ಬೆರಳಿನಿಂದ ತುಂಬಿದೆ. ಪಟ್ಟಿಯ ತಂತ್ರಾಂಶವಾದರೋ ಮೇಜಿನ ಕಂಪ್ಯೂಟರಿಗೆಂದು ರಚಿತವಾದದ್ದು. ಅದರ ಮನೆಗಳು ಬೆರಳ ತುದಿಗಿಂತ ಕಿರಿದು. ಒಬ್ಬ ವಿದ್ಯಾರ್ಥಿನಿಯ 38 ಅಂಕ ಕೆಳಗಿನ ಸಾಲಿಗೆ ಇಳಿದು, ಆಕೆಯ ಹೆಸರಿನ ಮುಂದೆ 14 ಉಳಿಯಿತು.

ಮರುದಿನ ಆಕೆ ಫೋನು ಮಾಡಿದಳು. ತಕರಾರು ಮಾಡಲಿಲ್ಲ. “ಸರ್, ನಾನು ಅಷ್ಟು ಕೆಟ್ಟದಾಗಿ ಬರೆದಿದ್ದೆನಾ?” ಎಂದಷ್ಟೇ ಕೇಳಿದಳು. ಓದು ಬಿಡಿಸಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಸುವ ಮಾತು ಮನೆಯಲ್ಲಿ ಆಗಲೇ ಎದ್ದಿತ್ತೆಂದು ತಿಳಿದಾಗ ನನ್ನ ಎದೆ ಧಸಕ್ಕೆಂದಿತು. ಉತ್ತರಪತ್ರಿಕೆ ಹಿಡಿದುಕೊಂಡು ಅವರ ಮನೆಗೇ ಹೋಗಿ ಕ್ಷಮೆ ಕೇಳಿದೆ. ಆಕೆಯ ತಂದೆ ಪೀಣ್ಯದಲ್ಲಿ ಲೇತ್ ನಡೆಸುವವರು. ನನ್ನ ವಿವರಣೆಯನ್ನು ಕೇಳಿ ಅವರು ನಕ್ಕು, “ಸಾರ್, ಜಾಬು ನುಣುಪಾಗಿದೆಯಾ ಅಂತ ಬೆರಳು ಹೇಳುತ್ತೆ. ಅಳತೆ ಮಾತ್ರ ವರ್ನಿಯರ್‌ನಲ್ಲೇ ತಗೋಬೇಕು” ಎಂದರು.

ಅಂದೇ ಸಂಜೆ ಮೌಸ್ ಒಂದನ್ನು ಕೊಂಡು ಟ್ಯಾಬ್ಲೆಟ್ಟಿಗೆ ಜೋಡಿಸಿದೆ. ಆಗ ನನಗೆ ಕಾರಣ ಸ್ಪಷ್ಟವಾಯಿತು. ಬೆರಳು ತಾನು ಮುಟ್ಟುವ ಜಾಗವನ್ನೇ ಮರೆಮಾಡುತ್ತದೆ. ಮುಟ್ಟಿದೊಡನೆ ಕೆಲಸವೂ ಮುಗಿದುಹೋಗುತ್ತದೆ. ಮೌಸಿನ ಬಾಣವಾದರೋ ಮೊದಲು ಜಾಗವನ್ನು ತೋರಿಸಿ, ನಮ್ಮ ಒಪ್ಪಿಗೆಗಾಗಿ ಕಾಯುತ್ತದೆ. 1968ರಲ್ಲಿ ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರು ಲೋಕಕ್ಕೆ ಪ್ರದರ್ಶಿಸಿದ ಈ ಪುಟ್ಟ ಸಾಧನದ ಹಿರಿಮೆ ನನಗೆ ಅರಿವಾದದ್ದು ಆಗ.

ನಮ್ಮ ನೆರೆಯವರೂ ಈ ಸೂಕ್ಷ್ಮವನ್ನು ಬಲ್ಲವರೇ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇತರರೊಡಗೂಡಿ ರೂಪಿಸಿದ ಸಿಂಪ್ಯೂಟರಿನ ‘ಅಮಿಡಾ’ ಎಂಬ ಮಾದರಿಯು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಅಂಗೈಯಗಲದ ಆ ಯಂತ್ರದ ಪರದೆಯೂ ಸ್ಪರ್ಶಕ್ಕೆ ಓಗೊಡುತ್ತಿತ್ತು. ಆದರೆ ಅದರೊಡನೆ ಮೊನೆಯುಳ್ಳ ಕಡ್ಡಿಯೊಂದನ್ನೂ ಕೊಟ್ಟಿದ್ದರು.

ಈಗ ಪಾಠ ತೋರಿಸುವಾಗ ಬೆರಳನ್ನೂ, ಅಂಕ ತುಂಬುವಾಗ, ಒತ್ತಕ್ಷರ ತಿದ್ದುವಾಗ ಮೌಸನ್ನೂ ಬಳಸುತ್ತೇನೆ. ತುಂಬಿದ ಪಟ್ಟಿಯನ್ನು ಉತ್ತರಪತ್ರಿಕೆಗಳೊಡನೆ ಮತ್ತೊಮ್ಮೆ ತಾಳೆ ನೋಡುತ್ತೇನೆ. ಯಾವ ಸಾಧನವೂ ಆ ಹೊಣೆಯಿಂದ ನನ್ನನ್ನು ಬಿಡಿಸಲಾರದು. ಆ ಹುಡುಗಿ ಓದು ಬಿಡಲಿಲ್ಲ, ಡಿಪ್ಲೊಮಾ ಮುಗಿಸಿದ್ದಾಳೆ. ನಮ್ಮ ಶಾಲೆಗೆ ಯಂತ್ರಗಳನ್ನು ದಾನವಾಗಿ ನೀಡುವ ಮಹನೀಯರಲ್ಲಿ ನನ್ನದೊಂದು ವಿನಂತಿ: ಟ್ಯಾಬ್ಲೆಟ್ಟಿನ ಜೊತೆಗೆ ಒಂದು ಮೌಸನ್ನೂ ದಯಪಾಲಿಸಿರಿ. ಅದರ ಬೆಲೆ ಅಲ್ಪ; ಅದು ಉಳಿಸಬಹುದಾದದ್ದು ಅಲ್ಪವಲ್ಲ.