ಕೊರೆದರೆ ಬೆಳೆಯುವ ಕಟ್ಟಿಗೆ

ಗಣಿತದ ಪುಸ್ತಕದಲ್ಲಿ ಬರುವ ಸಿಲಿಂಡರುಗಳೆಲ್ಲ ಒಂದೇ ಮನೆತನದವು. ತ್ರಿಜ್ಯ 7, ಇಲ್ಲವೇ 14, ತೀರ ಬಡಕಲಾದರೆ 3.5. ಬಾವಿ ತೋಡಿಸುವವನೂ ಟ್ಯಾಂಕು ಕಟ್ಟಿಸುವವನೂ ರೋಡ್ ರೋಲರ್ ಓಡಿಸುವವನೂ ಏಳರ ಮಗ್ಗಿ ಬಾಯಿಪಾಠ ಮಾಡಿಕೊಂಡೇ ಕೆಲಸಕ್ಕೆ ಇಳಿದಿರುತ್ತಾರೆ. ಪೈ ಬೆಲೆ 22/7 ಎಂದು ಹಿಡಿದ ಮೇಲೆ, ಕೆಳಗಿನ ಏಳನ್ನು ಹೊಡೆದುಹಾಕಲು ಮೇಲೊಂದು ಏಳು ಬೇಕಲ್ಲ!

ಅಕ್ಕನ ಮಗಳು ತಂದದ್ದೂ ಇದೇ ಮನೆತನದ ಲೆಕ್ಕ. ಹತ್ತನೆಯ ತರಗತಿಯವರಿಗೆಲ್ಲ ಪರಿಚಯ ಇರುವಂಥದ್ದು. ಮರದ ಗಟ್ಟಿ ಸಿಲಿಂಡರು, ಎತ್ತರ 10 ಸೆಂ.ಮೀ., ತ್ರಿಜ್ಯ 3.5. ಎರಡೂ ತುದಿಯಿಂದ ಒಂದೊಂದು ಅರ್ಧಗೋಳ ಕೊರೆದು ತೆಗೆದಿದ್ದಾರೆ. ಉಳಿದದ್ದರ ಪೂರ್ಣ ಮೇಲ್ಮೈ ವಿಸ್ತೀರ್ಣ ಎಷ್ಟು? ಇಂಥದ್ದನ್ನು ಯಾವ ಬಡಗಿ ಯಾರಿಗೆ ಮಾಡಿಕೊಟ್ಟನೋ! ಒಂದು ಗುಳಿಗೆ ಪಾಯಸ ಬಡಿಸಿಕೊಂಡರೆ ಇನ್ನೊಂದು ನೆಲ ನೋಡುತ್ತಿರುತ್ತದೆ.

"ಮಾಮ, ಮರ ಕಡಿಮೆ ಆಯ್ತಲ್ಲ, ಕಳೀಬೇಕು ತಾನೆ?" ಎಂದಳು.

ಹಾಗನ್ನಿಸುವುದು ಸಹಜ. ಆದರೆ ಕೊರೆಯುವ ಮೊದಲು ಮೇಲ್ಮೈ 297 ಚ.ಸೆಂ.ಮೀ. ಇತ್ತು, ಕೊರೆದ ಮೇಲೆ 374 ಆಯಿತು. ಹೋದದ್ದು ಚಪ್ಪಟೆ ಬಿಲ್ಲೆಗಳೆರಡು, 77. ಅವುಗಳ ಜಾಗಕ್ಕೆ ಬಂದ ಗುಳಿಗಳೆರಡು ಅದರ ಇಮ್ಮಡಿ, 154. ಮರ ಹೋಯಿತು, ಮೈ ಬೆಳೆಯಿತು.

ಪುಸ್ತಕದ ದಾರಿಯಲ್ಲಿ ಎರಡು ಸೂತ್ರ ಹಾಕಿ ಕೂಡಬೇಕು. ನನಗೆ ರುಚಿಸುವುದು ಸಿರಕ್ಯೂಸಿನ ಆರ್ಕಿಮಿಡೀಸನ ದಾರಿ. ಡಬ್ಬದ ಸುತ್ತ ಅಂಟಿಸಿದ ಚೀಟಿಯನ್ನು ಬಿಡಿಸಿ ಹರಡಿದರೆ ಆಯತ. ಸಿಲಿಂಡರಿನ ಗೋಡೆಯ ಲೆಕ್ಕ ಅಷ್ಟೇ. ಗೋಳವನ್ನು ಹಾಗೆ ಹರಡಲು ಬರುವುದಿಲ್ಲ. ಆದರೂ ಗೋಳದ ಮೈ, ಅದು ಒಳಗೆ ಸರಿಯಾಗಿ ಕೂರುವ ಸಿಲಿಂಡರಿನ ಗೋಡೆಗೆ ಪೂರಾ ಸಮ ಎಂದು ಅವನು ಸಾಧಿಸಿದ. ತನ್ನ ಗೋರಿಯ ಮೇಲೆ ಇವೆರಡನ್ನೇ ಕೆತ್ತಿಸಿ ಎಂದಿದ್ದನಂತೆ. ಕ್ರಿ.ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಹೋದ ರೋಮಿನ ಸಿಸೆರೊ ಆ ಗೋರಿಯನ್ನು ಮುಳ್ಳುಪೊದೆಗಳ ನಡುವೆ ಹುಡುಕಿ ತೆಗೆದ. ಅಂಥದ್ದು ಇಲ್ಲಿಲ್ಲವೇ ಇಲ್ಲ ಎಂದು ಊರಿನವರ ವಾದ. ಗುರುತು ಹೇಳಿದ್ದು ಗೋಳ ಮತ್ತು ಸಿಲಿಂಡರು. ದೊಡ್ಡವರ ಊರಿನವರು ಎಲ್ಲ ಕಾಲದಲ್ಲೂ ಹೀಗೆಯೇ ಇರಬೇಕು.

ನಮ್ಮ ಕಟ್ಟಿಗೆಗೆ ಬರೋಣ. ಎರಡು ಅರ್ಧಗೋಳ ಸೇರಿ ಒಂದು ಗೋಳ, ಅಂದರೆ 7 ಸೆಂ.ಮೀ. ಎತ್ತರದ ಗೋಡೆ. ಹತ್ತಕ್ಕೆ ಏಳು ಕೂಡಿದರೆ 17, ಸುತ್ತಳತೆ 22. ಗುಣಿಸಿದರೆ 374.

"ಚೆನ್ನಾಗಿದೆ. ಆದ್ರೆ ಇದಕ್ಕೆ ಸ್ಟೆಪ್ ಮಾರ್ಕ್ಸ್ ಸಿಗಲ್ಲ ಮಾಮ" ಎಂದು ಪುಸ್ತಕದ ದಾರಿಯಲ್ಲೇ ಬರೆದುಕೊಂಡಳು. ಬುದ್ಧಿವಂತೆ.

ಇನ್ನೊಂದು ಮಾತು. 20000 ವ್ಯಾಸದ ವೃತ್ತಕ್ಕೆ 62832 ಪರಿಧಿ, ಅದೂ ಸುಮಾರಾಗಿ, ಎಂದು ಆರ್ಯಭಟ 499ರಲ್ಲೇ ಹೇಳಿಟ್ಟಿದ್ದಾನೆ. ಆ ಬೆಲೆ ಹಿಡಿದರೆ ಉತ್ತರ 373.85. ಪರೀಕ್ಷೆ ಬರೆಯುವವರು ಮಾತ್ರ 374 ಎಂದೇ ಬರೆಯಿರಿ, ಮುಂದೆ ಚ.ಸೆಂ.ಮೀ. ಹಾಕುವುದನ್ನು ಮರೆಯಬೇಡಿ.