ಪಿನ್ ಇರುವ ಬ್ಲೇಡು, ಪಿನ್ ಇಲ್ಲದ ಬ್ಲೇಡು ಮತ್ತು ನಮ್ಮ ‘ರ’ಕಾರದ ಹೊಟ್ಟೆ

ಇದೇನಪ್ಪಾ, ಗರಗಸದ ಬ್ಲೇಡಿನ ಮೇಲೂ ಒಂದು ಬರಹವಾ ಅಂತ ಹುಬ್ಬೇರಿಸಬೇಡಿ. ನಾವೆಲ್ಲ ದಿನಾ ಕೀಬೋರ್ಡಿನಲ್ಲಿ ಕನ್ನಡ ಕುಟ್ಟುವವರು. ಅದೇ ಅಕ್ಷರಗಳನ್ನು ಮರದಲ್ಲಿ ಕತ್ತರಿಸಲು ಹೊರಟರೆ ಎದುರಾಗುವ ಮೊದಲ ಪ್ರಶ್ನೆಯೇ ಇದು: ಬ್ಲೇಡಿನ ತುದಿಯಲ್ಲಿ ಪಿನ್ ಇರಬೇಕೋ, ಬೇಡವೋ?

ಸ್ಕ್ರೋಲ್ ಸಾ ನೋಡದವರಿಗೆ ಎರಡು ಮಾತು. ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಆಡುವ ಪುಟ್ಟ ಗರಗಸ ಅದು. ಸೂಜಿಯ ಜಾಗದಲ್ಲಿ ಸುಮಾರು 5 ಇಂಚು ಉದ್ದದ ತೆಳ್ಳನೆಯ ಬ್ಲೇಡು, ಎರಡು ತೋಳುಗಳ ನಡುವೆ ವೀಣೆಯ ತಂತಿಯಂತೆ ಬಿಗಿದಿರುತ್ತದೆ. ಬಟ್ಟೆ ತಿರುಗಿಸಿದ ಹಾಗೆ ಹಲಗೆ ತಿರುಗಿಸುತ್ತಾ ಹೋದರೆ ಬೇಕಾದ ಆಕಾರ ಬರುತ್ತದೆ. ಬ್ಲೇಡುಗಳಲ್ಲಿ ಎರಡು ಜಾತಿ. ಒಂದರ ಎರಡೂ ತುದಿಗೆ ಅಡ್ಡವಾಗಿ ಒಂದೊಂದು ಮೋಟು ಪಿನ್ ಇರುತ್ತದೆ. ಅದನ್ನು ತೋಳಿನ ಕೊಕ್ಕೆಗೆ ಸಿಕ್ಕಿಸಿ ಬಿಗಿ ಮಾಡಿದರೆ ಮುಗಿಯಿತು. ಇನ್ನೊಂದರ ತುದಿ ಬರೀ ಬೋಳು. ಅದನ್ನು ಸಣ್ಣ ಕ್ಲ್ಯಾಂಪಿನೊಳಗೆ ಇಟ್ಟು ಸ್ಕ್ರೂ ತಿರುಗಿಸಿ ಕಚ್ಚಿಸಬೇಕು.

ಇಷ್ಟೇ ಆಗಿದ್ದರೆ ಸುಲಭದ್ದು ತಗೊಳ್ಳಿ ಅಂದು ಮುಗಿಸಬಹುದಿತ್ತು. ಆದರೆ ಇಂಗ್ಲಿಷಿನ ಎಲ್, ಸಿ, ಎಸ್ ಥರ ಹೊರಗಿನಿಂದಲೇ ಕತ್ತರಿಸಿ ಮುಗಿಸುವ ಅಕ್ಷರಗಳಲ್ಲ ನಮ್ಮವು. ‘ರ’ ನೋಡಿ, ಅದಕ್ಕೊಂದು ಮುಚ್ಚಿದ ಹೊಟ್ಟೆ ಇದೆ. ಆ ಹೊಟ್ಟೆಯೊಳಗಿನ ಮರ ತೆಗೆಯಬೇಕೆಂದರೆ ಮೊದಲು ಅಲ್ಲೊಂದು ತೂತು ಕೊರೆಯಬೇಕು, ಬ್ಲೇಡಿನ ಒಂದು ತುದಿ ಬಿಚ್ಚಬೇಕು, ತೂತಿನೊಳಗೆ ತೂರಿಸಬೇಕು, ಮತ್ತೆ ಬಿಗಿಯಬೇಕು, ಆಮೇಲೆ ಕತ್ತರಿಸಬೇಕು. ಪ್ರತಿ ಹೊಟ್ಟೆಗೂ ಇದೇ ಪೂಜೆ. ಬೋಳು ಬ್ಲೇಡಿಗೆ ಒಂದೂವರೆ ಮಿಲಿಮೀಟರಿನ ತೂತು ಸಾಕು. ಪಿನ್ ಇರುವುದಕ್ಕೆ ಆ ಅಡ್ಡಪಿನ್ನೂ ತೂರಬೇಕಲ್ಲ, ಸುಮಾರು 5 ಮಿಲಿಮೀಟರ್ ಬೇಕು. ಅಕ್ಷರ ಚಿಕ್ಕದಾದರೆ ತೂತು ಕೊರೆಯುವಷ್ಟರಲ್ಲೇ ಹೊಟ್ಟೆ ಪೂರ್ತಿ ಹೋಗಿಬಿಟ್ಟಿರುತ್ತದೆ!

ಈ ವಿಷಯ ನಮ್ಮನೆಗೆ ಬಂದಿದ್ದು ಅಪ್ಪನಿಂದ. ಮೇಷ್ಟ್ರ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದವು. ತಾವು ಪಾಠ ಮಾಡಿದ ಶಾಲೆಯ ಒಂದನೇ ಕ್ಲಾಸಿಗೆ 49 ಅಕ್ಷರಗಳನ್ನೂ ಪ್ಲೈವುಡ್ಡಿನಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿ ಕೊಡಬೇಕು, ಮಕ್ಕಳು ಅದರ ಮೇಲೆ ಬೆರಳಾಡಿಸಿ ಕಲಿಯಬೇಕು ಅನ್ನುವುದು ಅವರ ಹಟ. ಯಂತ್ರವೂ ಬಂತು. ಅದು ಎರಡೂ ಜಾತಿಯ ಬ್ಲೇಡು ಹಿಡಿಯುತ್ತದೆ. ತೊಂದರೆ ಇದ್ದದ್ದು ಅಪ್ಪನ ಹೆಬ್ಬೆರಳಿನ ಕೀಲಿನಲ್ಲಿ. ಸಂಧಿವಾತದಿಂದ ಅದು ಊದಿಕೊಂಡಿದೆ. ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಅಮ್ಮನನ್ನು ಕರೆಯುತ್ತಾರೆ. ಅಂಥವರು ದಿನಕ್ಕೆ ಇಪ್ಪತ್ತು ಸಲ ಆ ಪುಟ್ಟ ಸ್ಕ್ರೂ ತಿರುಗಿಸುವುದು ಹೇಗೆ?

ನನ್ನ ವೋಟು ಮಾತ್ರ ಬೋಳು ಬ್ಲೇಡಿಗೇ ಇತ್ತು. ಕಾರಣವಿದೆ. ಪಿನ್ ಕೂರಿಸಲು ಬ್ಲೇಡಿನಲ್ಲಿ ಜಾಗ ಬೇಕಾಗುವುದರಿಂದ ಆ ಜಾತಿಯವು ಸಾಮಾನ್ಯವಾಗಿ ಅಗಲ. ಬೋಳು ಬ್ಲೇಡಿನಲ್ಲಿ 5ನೇ ನಂಬರಿನದರ ಅಗಲ ಸುಮಾರು ಒಂದು ಮಿಲಿಮೀಟರು, 2ನೇ ನಂಬರಿನದು ಅದಕ್ಕಿಂತಲೂ ಸಣ್ಣ. ಬ್ಲೇಡು ಸಣ್ಣದಾದಷ್ಟೂ ಚಿಕ್ಕ ತಿರುವಿನಲ್ಲಿ ತಿರುಗುತ್ತದೆ, ಮತ್ತು ಕನ್ನಡ ಲಿಪಿಯೆಂದರೆ ತಿರುವೇ ತಿರುವು. ಅಕ್ಕಸಾಲಿಗರು ಚಿನ್ನ ಬೆಳ್ಳಿಯ ತಗಡು ಕೊರೆಯುವ ಕೈಗರಗಸ ನೋಡಿದ್ದೀರಾ? ಅದರ ಬ್ಲೇಡಿಗೂ ಪಿನ್ ಇಲ್ಲ. ಕೂದಲೆಳೆಯಂಥ ಬ್ಲೇಡು, ಎರಡು ಕಡೆ ಸ್ಕ್ರೂ, ಅಷ್ಟೇ. ಸೂಕ್ಷ್ಮ ಕೆಲಸದವರು ಎಂದೋ ಮಾಡಿಕೊಂಡ ತೀರ್ಮಾನ ಅದು.

“ನಾನೇ ಭಾನುವಾರ ಭಾನುವಾರ ಬಂದು ಬ್ಲೇಡು ಹಾಕಿಕೊಡ್ತೀನಿ ಬಿಡಿ ಅಪ್ಪ” ಅಂದೆ.

“ನೀನು ಬಂದು ಹಾಕಿಕೊಡೋವರೆಗೆ ನಾನು ಕಾಯ್ತಾ ಕೂತರೆ ಅದು ನಿನ್ನ ಕೆಲಸ ಆಯ್ತು ಕಣೋ. ನಂದು ಹ್ಯಾಗಾಗತ್ತೆ?” ಅಂದರು.

ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಆಮೇಲೆ ಅವರೇ ಲೆಕ್ಕ ಹಾಕಿದರು, ಮೇಷ್ಟ್ರಲ್ಲವೇ. ಯಂತ್ರದಿಂದ ಶುರು ಮಾಡದೆ ಮಗುವಿನ ಬೆರಳಿನಿಂದ ಶುರು ಮಾಡಿದರು. ಬೆರಳು ಜಾರದೆ ಓಡಬೇಕೆಂದರೆ ಅಕ್ಷರದ ಗೆರೆ 12 ಮಿಲಿಮೀಟರಾದರೂ ದಪ್ಪ ಇರಬೇಕು. ಗೆರೆ ಅಷ್ಟು ದಪ್ಪವಾದರೆ ಅಕ್ಷರ 5 ಇಂಚು ಎತ್ತರ ಇರಬೇಕು. ಅಷ್ಟೆತ್ತರದ ‘ರ’ದ ಹೊಟ್ಟೆಯೊಳಗೆ 5 ಮಿಲಿಮೀಟರಿನ ತೂತು ಆರಾಮಾಗಿ ಹಿಡಿಯುತ್ತದೆ! ತಿರುವುಗಳೂ ಹಿಗ್ಗುವುದರಿಂದ ಅಗಲದ ಬ್ಲೇಡೂ ತಿರುಗುತ್ತದೆ. ಅನುಸ್ವಾರದ ಸೊನ್ನೆ ಮಾತ್ರ ಇನ್ನೂ ಇಕ್ಕಟ್ಟು. ಅದಕ್ಕೆ ಬ್ಲೇಡೇ ಬೇಡ ಅಂದರು. 10 ಮಿಲಿಮೀಟರಿನ ಡ್ರಿಲ್ ಬಿಟ್ಟಿನಲ್ಲಿ ಒಂದೇ ತೂತು. ‘ರ’ವನ್ನು ‘ಠ’ ಮಾಡುವ, ‘ಧ’ವನ್ನು ‘ಥ’ ಮಾಡುವ ಒಳಗಿನ ಚುಕ್ಕೆಯನ್ನು ಬೇರೆಯಾಗಿ ಕತ್ತರಿಸಿ ಹಲಗೆಗೆ ಅಂಟಿಸಿದರು. ಈಗ ಬೆಳಿಗ್ಗೆ ಕಾಫಿ ಆದಮೇಲೆ ಯಾರನ್ನೂ ಕರೆಯದೆ ಕೂತು, ಕೊಕ್ಕೆಗೆ ಪಿನ್ ಸಿಕ್ಕಿಸಿ, ದಿನಕ್ಕೊಂದು ಅಕ್ಷರ ಮುಗಿಸುತ್ತಾರೆ. ಒತ್ತಕ್ಷರಗಳು ಚಿಕ್ಕವು, ಅವು ಬೋಳು ಬ್ಲೇಡಿನವೇ. ಅವಷ್ಟೂ ನನ್ನ ಪಾಲಿಗೆ :-)

ನೀವೂ ಈ ಯಂತ್ರ ಕೊಳ್ಳುವವರಿದ್ದರೆ ನಾಲ್ಕು ಮಾತು. ಪಿನ್ ಬ್ಲೇಡು ಮಾತ್ರ ಹಿಡಿಯುವ ಯಂತ್ರಗಳಿವೆ. ಎರಡನ್ನೂ ಹಿಡಿಯುವುದು ಸಿಕ್ಕರೆ ಅದನ್ನೇ ತಗೊಳ್ಳಿ, ಈ ಜಗಳವನ್ನು ಆಮೇಲೆ ನಿಧಾನಕ್ಕೆ ಆಡಬಹುದು. ಹೊಸ ಬೋಳು ಬ್ಲೇಡಿನ ಮೇಲೆ ಎಣ್ಣೆಯ ಪಸೆ ಇದ್ದರೆ ಕ್ಲ್ಯಾಂಪಿನಿಂದ ಜಾರುತ್ತದೆ. ತುದಿ ಒರೆಸಿ, ಉಪ್ಪುಕಾಗದದಿಂದ ಒಂದೆರಡು ಸಲ ಉಜ್ಜಿ ಹಾಕಿ. ಹಲ್ಲು ಕೆಳಮುಖವಾಗಿರಬೇಕು, ತಲೆಕೆಳಗಾದರೆ ಬ್ಲೇಡು ಹಲಗೆಯನ್ನೇ ಎತ್ತಿ ಕುಣಿಸುತ್ತದೆ. ಬ್ಲೇಡು ಬದಲಿಸುವ ಮುಂಚೆ ಪ್ಲಗ್ ಕೀಳುವುದನ್ನು ಮರೆಯಬೇಡಿ.

ಯಾವುದು ಒಳ್ಳೆಯದು ಅಂತ ಕೇಳಿದರೆ, ಸಣ್ಣ ತೂತು, ಸಣ್ಣ ತಿರುವು ಬೇಕಾದರೆ ಬೋಳು ಬ್ಲೇಡು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆರಿಸುವ ಮುಂಚೆ ಎರಡು ಅಳತೆ ತಗೊಳ್ಳಿ. ಒಂದು, ನೀವು ಕೊರೆಯಬೇಕಾದ ಅತಿ ಚಿಕ್ಕ ಹೊಟ್ಟೆಯದು. ಇನ್ನೊಂದು, ಆ ಬ್ಲೇಡನ್ನು ದಿನಾ ಬಿಚ್ಚಿ ಕಟ್ಟುವ ಕೈಯದು. ಅಂಗಡಿಯವರು ಮೊದಲನೆಯದನ್ನು ಕೇಳಿಯಾರು, ಎರಡನೆಯದನ್ನು ನಾವೇ ಕೇಳಿಕೊಳ್ಳಬೇಕು.

ಅಂದಹಾಗೆ, ‘ಋ’ ಇನ್ನೂ ಬಾಕಿ ಇದೆ. ಅದರ ಸುರುಳಿ ಯಾವ ಬ್ಲೇಡಿಗೂ ಸುಲಭಕ್ಕೆ ಬಗ್ಗುವಂತೆ ಕಾಣುತ್ತಿಲ್ಲ. ನಿಮ್ಮಲ್ಲಿ ಯಾರಾದರೂ ಮರದಲ್ಲಿ ‘ಋ’ ಕೊರೆದವರಿದ್ದರೆ ದಯವಿಟ್ಟು ಉಪಾಯ ತಿಳಿಸಿ. ಅಪ್ಪನಿಗೆ ಓದಿ ಹೇಳುತ್ತೇನೆ.