ಸಂಧಾನಪಾತ್ರೆ

ಧಾರವಾಡದಿಂದ ಪಡುವಲಿಗೆ ಸಾಗುವ ರೇಲ್ವೆ ಹಾದಿಯಲ್ಲಿ, ಬಯಲಿನ ಕಪ್ಪು ನೆಲವು ಹಿಂದುಳಿದು ಕಾಡಿನ ಕೆಂಪು ಮಣ್ಣು ಕಾಣತೊಡಗುವಲ್ಲಿ ಅಳ್ನಾವರವಿದೆ. ದಾಂಡೇಲಿಯ ಕವಲು ಒಡೆಯುವದೂ ಅಲ್ಲಿಯೇ. ಆ ಊರಿನ ಹಳೆಯ ಓಣಿಯೊಂದರಲ್ಲಿ ಮೂರು ತಲೆಮಾರು ವೈದ್ಯವೃತ್ತಿಯನ್ನು ನಡೆಯಿಸಿದ ಮನೆಯೊಂದುಂಟು. ಅಡಿಗೆಮನೆಯ ಹಿಂದಿನ ಕತ್ತಲೆಕೋಣೆಯಲ್ಲಿ ಒಂದು ದೊಡ್ಡ ತಾಮ್ರದ ಕೊಪ್ಪರಿಗೆಯು ಐವತ್ತು ವರ್ಷ ಬೋರಲಾಗಿ ಬಿದ್ದಿತ್ತು. ಅದರ ಬುಡಕ್ಕೆ ಹತ್ತಿ ಒಂದು ಹಿತ್ತಾಳೆಯ ನಳವಿತ್ತು. ಕೊಪ್ಪರಿಗೆಗೆ ನಳವಿರುವದು ವಾಡಿಕೆಯಲ್ಲ. ನೋಡಿದವರು ಇದೇನೆಂದು ಕೇಳುವದುಂಟು, ಮನೆಯವರು ಮಾತು ಮರೆಸುವದೂ ಉಂಟು.

ಈಗ ಆ ಮನೆಗೆ ಹಿರಿಯರಾದ ವೈದ್ಯರು ಎಂಬತ್ತು ದಾಟಿದವರು. ಅವರ ತಂದೆಯವರ ಕಾಲದಲ್ಲಿ ಅರಿಷ್ಟ, ಆಸವಗಳು ಮನೆಯಲ್ಲಿಯೇ ಸಿದ್ಧವಾಗುತ್ತಿದ್ದವು. ದ್ರವ್ಯಗಳನ್ನು ಕುದಿಸಿ ಕಷಾಯ ಮಾಡಿ ಹೂಡಿದ್ದು ಅರಿಷ್ಟ, ಕುದಿಸದೆ ಹೂಡಿದ್ದು ಆಸವ ಎಂದು ಶಾರ್ಙ್ಗಧರನು ಭೇದ ಹೇಳಿದ್ದಾನೆ. ದ್ರಾಕ್ಷಾರಿಷ್ಟವಾದರೆ, ಒಣದ್ರಾಕ್ಷಿಯನ್ನು ನೀರಿನಲ್ಲಿ ಕುದಿಸಿ ನಾಲ್ಕನೆಯ ಒಂದು ಪಾಲಿಗೆ ಇಳಿಸಬೇಕು; ಆರಿದ ಮೇಲೆ ಬೆಲ್ಲವನ್ನು ಕರಗಿಸಬೇಕು; ಏಲಕ್ಕಿ, ದಾಲಚಿನ್ನಿ, ನಾಗಕೇಸರ, ಮೆಣಸು, ಹಿಪ್ಪಲಿಗಳ ಪುಡಿಯನ್ನೂ ಧಾತಕೀ ಹೂವನ್ನೂ ಕೂಡಿಸಬೇಕು. ಧಾತಕಿಯು ಆ ಸೀಮೆಯ ಕಾಡಿನಲ್ಲಿ ತಾನಾಗಿ ಬೆಳೆಯುವ ಗಿಡ. ಅದರ ಕೆಂಪು ಹೂವಿನಲ್ಲಿ ಜೇನೂ ಇರುತ್ತದೆ, ಹುಳಿಯೇರಿಸುವ ಸೂಕ್ಷ್ಮಜೀವಿಗಳೂ ಇರುತ್ತವೆ. ಒಳಗೆ ತುಪ್ಪ ಸವರಿ ಧೂಪ ಹಾಕಿದ ಮಣ್ಣಿನ ಗಡಿಗೆಯಲ್ಲಿ ಇದೆಲ್ಲವನ್ನೂ ತುಂಬಿ, ಬಾಯಿಗೆ ಅರಿವೆ ಸುತ್ತಿ ಮಣ್ಣು ಮೆತ್ತಿ, ಭತ್ತದ ಕಣಜದಲ್ಲಿ ಹುಗಿದು ಒಂದು ತಿಂಗಳು ಇಡುವರು. ಭತ್ತವು ಗಡಿಗೆಯ ಕಾವನ್ನು ಏರಗೊಡದೆ ಇಳಿಯಗೊಡದೆ ಕಾಯುತ್ತದೆ. ಈ ಕ್ರಿಯೆಗೆ ಶಾಸ್ತ್ರದಲ್ಲಿ ಸಂಧಾನವೆಂದು ಹೆಸರು. ಬೇರೆಯಾದವುಗಳನ್ನು ಕೂಡಿಸುವದಕ್ಕೂ, ಜಗಳವಾಡಿದವರನ್ನು ಒಂದುಮಾಡುವದಕ್ಕೂ ಅದೇ ಹೆಸರು.

ಆದ ಹೊತ್ತನ್ನು ತಿಳಿಯಲಿಕ್ಕೆ ತಂದೆಯವರು ಎರಡು ಪರೀಕ್ಷೆಗಳನ್ನು ಮಾಡುತ್ತಿದ್ದರು. ಮೊದಲು ಗಡಿಗೆಗೆ ಕಿವಿಯಿಟ್ಟು ಒಳಗಿನ ಗುಳುಗುಳು ಸದ್ದು ನಿಂತಿದೆಯೋ ಎಂದು ಕೇಳುವದು. ತರುವಾಯ ಬಾಯಿ ಬಿಚ್ಚಿ ಉರಿಯುವ ಬತ್ತಿಯೊಂದನ್ನು ಒಳಗೆ ಇಳಿಬಿಡುವದು. ಸಂಧಾನವಿನ್ನೂ ನಡೆದಿದ್ದರೆ ಒಳಗೆ ತುಂಬಿದ ಇಂಗಾಲಾಮ್ಲ ವಾಯುವಿನಿಂದ ಬತ್ತಿ ನಂದುತ್ತದೆ; ಮುಗಿದಿದ್ದರೆ ಉರಿಯುತ್ತದೆ. ಬತ್ತಿ ಹಿಡಿಯುವ ಕೆಲಸವು ಮನೆಯ ಹುಡುಗರದಾಗಿತ್ತು. ಅದಕ್ಕಾಗಿ ಅಣ್ಣತಮ್ಮಂದಿರಲ್ಲಿ ಕಾದಾಟವಾಗುತ್ತಿತ್ತು.

ನಳವನ್ನು ಕೂಡಿಸಿದವನು ಅಣ್ಣ. ವೈದ್ಯರಿಗಿಂತ ಹನ್ನೆರಡು ವರ್ಷಕ್ಕೆ ಹಿರಿಯನಾದ ಆತನಿಗೆ ಓದು ಹತ್ತಲಿಲ್ಲ, ಕೈಗೆ ಮಾತ್ರ ಸರಸ್ವತಿ ಒಲಿದಿದ್ದಳು. ಕುದಿಯುವ ಕಷಾಯವನ್ನು ಇಬ್ಬರು ಹಿಡಿದು ಬಗ್ಗಿಸುವಾಗ ಒಮ್ಮೆ ತಂದೆಯವರ ಕಾಲು ಸುಟ್ಟಿತು. ಹದಿನಾರು ವರ್ಷದ ಹುಡುಗನು ಕಂಚುಗಾರರ ಅಂಗಡಿಯಲ್ಲಿ ಎಂಟು ದಿನ ಕುಳಿತು, ಕೊಪ್ಪರಿಗೆಯ ಬುಡಕ್ಕೆ ತೂತು ಕೊರೆದು, ಹಳೆಯ ನಳವೊಂದನ್ನು ಬೆಸೆದು, ಒಳಗಡೆ ಗಸಿ ಬಾರದಂತೆ ತೂತಿನ ತಗಡನ್ನು ಕೂಡಿಸಿಕೊಂಡು ಬಂದನು. ಮುಂದೆ ಆತನು ರೇಲ್ವೆಯಲ್ಲಿ ಫಿಟರನಾದನು.

ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ೧೯೪೯ರ ಪಾನನಿಷೇಧದ ಕಾನೂನು ಬಂದಾಗ, ಹುಳಿಯೇರಿಸಿದ ಔಷಧವೂ ಅದರ ಬಲೆಗೆ ಬೀಳುವದೆಂದು ಸುದ್ದಿ ಹಬ್ಬಿತು. ಎಂದೂ ಯಾರಿಗೂ ಅಂಜದ ತಂದೆಯವರು ಒಂದು ರಾತ್ರಿ ಕಣಜವನ್ನು ಅಗೆಯಿಸಿ, ಏಳು ಗಡಿಗೆ ಅರಿಷ್ಟವನ್ನು ಹಿತ್ತಲಿನ ಬಾಳೆಯ ಬುಡಕ್ಕೆ ಚೆಲ್ಲಿಸಿದರು. ಮೂರು ದಿನ ಹಿತ್ತಲೆಲ್ಲ ದ್ರಾಕ್ಷಿಯ ವಾಸನೆ. ೧೯೫೧ರಲ್ಲಿ ಬಾಲ್ಸಾರಾ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮದ್ಯಾಂಶವುಳ್ಳ ಔಷಧಗಳಿಗೆ ಈ ನಿರ್ಬಂಧವು ಸಲ್ಲದೆಂದು ತೀರ್ಪು ಕೊಟ್ಟಿತು. ಸುದ್ದಿಯು ಅಳ್ನಾವರಕ್ಕೆ ಮುಟ್ಟಿದ ಮೇಲೆ ಕೊಪ್ಪರಿಗೆಯು ಮತ್ತೆ ಒಲೆಯನ್ನೇರಿತು.

ಈ ವಿಷಯದಲ್ಲಿ ಕೌಟಿಲ್ಯನು ಮುಂಬಯಿ ಸರಕಾರಕ್ಕಿಂತ ಹೆಚ್ಚು ವಿವೇಕದಿಂದ ನಡೆದಿದ್ದಾನೆಂದು ಹೇಳದೆ ಗತಿಯಿಲ್ಲ. ಮೈಸೂರಿನ ಶಾಮಶಾಸ್ತ್ರಿಗಳು ಓಲೆಗರಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿದೆ. ಮದ್ಯವು ರಾಜನ ಹತೋಟಿಯಲ್ಲಿಯೇ ಇರಬೇಕು, ಕೆಲಸಗಾರರು ಕೆಲಸ ಕೆಡಿಸಿಕೊಂಡಾರು ಎಂಬ ಎಚ್ಚರಿಕೆ ಅಲ್ಲಿದೆ. ಆದರೂ ಗೃಹಸ್ಥರು ವಿಶೇಷ ಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದು. ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನದ ಅಪ್ಪಣೆಯುಂಟು. ಮೇದಕವೆಂಬ ಅಕ್ಕಿಯ ಮದ್ಯಕ್ಕೆ ಒಂದು ದ್ರೋಣ ನೀರಿಗೆ ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವವೆಂದು ಅಳತೆಯನ್ನು ಸಹ ಕೊಟ್ಟಿದ್ದಾನೆ. ಹುಳಿಯೇರಿಸುವ ಹೆಪ್ಪಿಗೆ ಅವನು ಬಳಸಿದ ಕಿಣ್ವವೆಂಬ ಶಬ್ದವನ್ನೇ ಇಂದಿನ ಕನ್ನಡ ವಿಜ್ಞಾನಿಗಳು ಎನ್‌ಜೈಮಿಗೆ ಇಟ್ಟಿದ್ದಾರೆ.

ಮನೆಗೆ ಬಂದ ಕೇಡು ಕಾನೂನಿನಿಂದ ಬರಲಿಲ್ಲ. ಅಣ್ಣನಿಗೆ ಸಾರಾಯಿಯ ಚಟ ಹತ್ತಿತು. ಮೊದಲು ಸಂಬಳದ ದಿನ ಮಾತ್ರ, ಆ ಮೇಲೆ ದಿನಾಲು. ನೌಕರಿ ಹೋಯಿತು, ಹೆಂಡತಿಯ ಮೈಮೇಲಿನ ಬಂಗಾರ ಹೋಯಿತು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಆತನು ರಾತ್ರಿಯ ಹೊತ್ತು ಹಿತ್ತಲ ಬಾಗಿಲಿನಿಂದ ಬಂದು, ಕಣಜದೊಳಗಿನ ಗಡಿಗೆಗಳ ಮಣ್ಣೊಡೆದು ಅರಿಷ್ಟವನ್ನೇ ಕುಡಿದು ಹೋಗುತ್ತಿದ್ದನು. ಚಮಚೆಯ ಲೆಕ್ಕದಲ್ಲಿ ಕೊಡುವ ಔಷಧವನ್ನು ತಂಬಿಗೆಯಿಂದ ಕುಡಿದರೆ ಔಷಧವೆಂದೇಕೆ ಕರೆಯಬೇಕು? ಗೊತ್ತಿದ್ದೂ ತಮ್ಮನು ಬಾಯಿಬಿಡಲಿಲ್ಲ. ಹೊರಗಿನ ವಿಷಕ್ಕಿಂತ ಮನೆಯದು ಮೇಲು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡನು. ೧೯೭೪ರಲ್ಲಿ ಅಣ್ಣ ತೀರಿಕೊಂಡನು. ಹದಿಮೂರನೆಯ ದಿನ ಮುಗಿದ ಮೇಲೆ ತಾಯಿಯವರು ಕೊಪ್ಪರಿಗೆಯನ್ನು ತಾವೇ ಎಳೆದುಕೊಂಡು ಹೋಗಿ ಬೋರಲು ಹಾಕಿದರು. ಅಂದಿನಿಂದ ಆ ಮನೆಯಲ್ಲಿ ಅರಿಷ್ಟವು ಪೇಟೆಯ ಸೀಸೆಯಿಂದ ಬಂತು.

ಇಂಥ ವೈದ್ಯರು ೨೦೨೩ರ ಬೇಸಿಗೆಯಲ್ಲಿ ಮಗಳ ಮಗನನ್ನು ನೋಡಲಿಕ್ಕೆಂದು ಅಮೇರಿಕೆಯ ಕೊಲೊರಾಡೊ ಪ್ರಾಂತಕ್ಕೆ ಹೋದರು. ಮೊಮ್ಮಗನು ಎಂಜಿನಿಯರ. ಶನಿವಾರ ಬೆಳಿಗ್ಗೆ, ಗೆಳೆಯರ ಮನೆಗೆ ಹೋಗಿಬರೋಣವೆಂದು ಅಜ್ಜನನ್ನು ಕರೆದೊಯ್ದನು. ಏನಿದೆಯೆಂದು ಮಾತ್ರ ಮೊದಲು ಹೇಳಲಿಲ್ಲ. ಮೋಟಾರು ನಿಲ್ಲಿಸುವ ಕೊಟ್ಟಿಗೆಯೊಳಗೆ ಮೂರು ಉಕ್ಕಿನ ಪೀಪಾಯಿಗಳು, ಕೆಳಗೆ ಉರಿ, ಮೇಲೆ ಹಬೆ. ವೈದ್ಯರಿಗೆ ತಟ್ಟನೆ ನೆನಪಾದದ್ದು ಕಳ್ಳಭಟ್ಟಿ. ಹಳಿಯಾಳದ ಕಡೆಯ ಕಾಡಿನಿಂದ ಪೋಲೀಸರು ಹಿಡಿದು ತಂದ ಪೀಪಾಯಿಗಳನ್ನು ಅವರು ಕಂಡಿದ್ದರು. ೧೯೮೧ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಸಾರಾಯಿಯನ್ನು ಕುಡಿದು ಮುನ್ನೂರಕ್ಕೆ ಮಿಕ್ಕಿ ಜನರು ಸತ್ತ ಸುದ್ದಿಯನ್ನು ಓದಿದ್ದರು. ಹೊಸ್ತಿಲಲ್ಲಿಯೇ ನಿಂತರು.

“ಇದು ಭಟ್ಟಿ ಅಲ್ಲ ಅಜ್ಜಾ. ಇಲ್ಲಿ ಇಳಿಸೂದು ಏನೂ ಇಲ್ಲ. ಬಿಯರ್ ಇದು, ನಿಮ್ಮ ಅರಿಷ್ಟದ ಜಾತೀದು,” ಎಂದನು ಮೊಮ್ಮಗ.

ಕುರ್ಚಿ ಹಾಕಿಸಿಕೊಂಡು ಕುಳಿತ ಮೇಲೆ ವೈದ್ಯರು ದಿನವೆಲ್ಲ ಅಲ್ಲಿಂದ ಏಳಲಿಲ್ಲ. ಹದಿನೈದು ಮಂದಿಯ ಸಂಘವದು; ಬಡಿಗ, ದಾದಿ, ಶಾಲೆಯ ಮಾಸ್ತರ, ಎಲ್ಲ ತರದವರು. ಒಬ್ಬೊಬ್ಬರೇ ಅಡಿಗೆಮನೆಯಲ್ಲಿ ಇಪ್ಪತ್ತು ಲೀಟರು ಮಾಡುವದು ಸಾಲದೆಂದು, ಕೂಡಿ ಎರಡುನೂರು ಲೀಟರು ಮಾಡುವ ಸಾಧನವನ್ನು ಮೋಡಕಾ ಸಾಮಾನಿನಿಂದ ಕಟ್ಟಿಕೊಂಡಿದ್ದರು. ಮೊದಲನೆಯ ಪೀಪಾಯಿಯಲ್ಲಿ ಬಿಸಿನೀರು. ಎರಡನೆಯದರಲ್ಲಿ, ಮೊಳೆಯಿಸಿ ಒಣಗಿಸಿ ಒಡೆದ ನಲವತ್ತು ಕಿಲೊ ಜವೆಗೋದಿ. ಬುಡದಲ್ಲಿ ತೂತಿನ ತಗಡು. ನೀರು ಕೂಡಿದ ಹಿಟ್ಟನ್ನು ಅರವತ್ತಾರು ಅಂಶದ ಕಾವಿನಲ್ಲಿ ಒಂದು ತಾಸು ಹಿಡಿದರೆ, ಮೊಳಕೆಯೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾಡುತ್ತವೆ. ಕಾವು ಬಹಳ ಏರಿದರೆ ಕಿಣ್ವಗಳು ಸಾಯುತ್ತವೆ. ಅದಕ್ಕಾಗಿ ಒಬ್ಬ ಪಂಪು ಆ ದ್ರವವನ್ನು ತಾಮ್ರದ ಸುರುಳಿಯೊಳಗಿಂದ ಎಡೆಬಿಡದೆ ಸುತ್ತಿಸುತ್ತಿರುತ್ತದೆ. ಕಾಳಿನ ಹಾಸಿನಿಂದಲೇ ಸೋಸಿ ಬಂದ ಸಿಹಿನೀರು ಮೂರನೆಯ ಪೀಪಾಯಿಯಲ್ಲಿ ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಮತ್ತೊಂದು ತಾಸು ಕುದಿಯುತ್ತದೆ. ಹೂವು ಕಹಿಯನ್ನೂ ಕೊಡುತ್ತದೆ, ಕೆಡದಂತೆಯೂ ಕಾಯುತ್ತದೆ. ಆ ಊರು ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿದ್ದ ಕಾರಣ ನೀರು ತೊಂಬತ್ತೈದರ ಸುಮಾರಿಗೇ ಕುದಿಯಿತು. ಇದನ್ನು ಮೊದಲು ಗುರುತಿಸಿದವರು ವೈದ್ಯರೇ. ಗುಳ್ಳೆಗೂ ಹಬೆಯ ಕಾವಿಗೂ ತಾಳೆಯಾಗದೆಂದು ಮೊಮ್ಮಗನಿಗೆ ಹೇಳಿದರು. ಅವನು ನಕ್ಕು ಕಾರಣವನ್ನು ತಿಳಿಸಿದನು.

ಕುದಿದದ್ದನ್ನು ಬೇಗನೆ ಆರಿಸಿ, ಹಾಲಿನ ಡೈರಿಯವರು ಮಾರಿದ ಹಳೆಯ ತೊಟ್ಟಿಗೆ ತುಂಬಿ, ಯೀಸ್ಟನ್ನು ಕೂಡಿಸಿದರು. ಆದರೆ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಕಳೆದದ್ದು ತೊಳೆಯುವದರಲ್ಲಿ. ನಳ ಬಿಚ್ಚಿ ತೊಳೆದರು, ಕೊಳವೆಗಳನ್ನು ಬಿಚ್ಚಿ ತೊಳೆದರು, ತೊಳೆದುದನ್ನು ಮತ್ತೆ ತೊಳೆದರು. ಗಡಿಗೆಗೆ ಧೂಪ ಹಾಕುವಾಗ ತಂದೆಯವರು ಇದಕ್ಕಿಂತ ಕಡಿಮೆ ಮಡಿಯಿಂದ ಇರುತ್ತಿರಲಿಲ್ಲ. ಪಾಶ್ಚರನು ೧೮೭೬ರಲ್ಲಿ ಬಿಯರಿನ ರೋಗಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದನೆಂದೂ, ಹುಳಿ ಕೆಡುವದು ಬೇಡದ ಸೂಕ್ಷ್ಮಜೀವಿಗಳು ಹೊಕ್ಕಾಗಲೆಂದು ತೋರಿಸಿದನೆಂದೂ ಮೊಮ್ಮಗನು ಹೇಳಿದಾಗ, ವೈದ್ಯರು, “ತುಪ್ಪ ಯಾಕ ಸವರತಿದ್ರು ಅಂತ ಈಗ ತಿಳೀತು,” ಎಂದರು.

ಇದಕ್ಕೆ ಸರಕಾರದ ಅಪ್ಪಣೆಯುಂಟೋ ಎಂದು ಕೇಳದೆ ಅವರಿಂದ ಇರಲಾಗಲಿಲ್ಲ. ಏಳು ಗಡಿಗೆಗಳು ಮರೆತಿರಲಿಲ್ಲ. ಅಮೇರಿಕೆಯಲ್ಲಿಯೂ ಮೊದಲು ಇರಲಿಲ್ಲವಂತೆ. ೧೯೨೦ರಿಂದ ೧೯೩೩ರ ವರೆಗೆ ಅಲ್ಲಿ ಪಾನನಿಷೇಧವಿತ್ತು. ಅದು ಹೋದ ಮೇಲೆಯೂ ಮನೆಯ ಬಿಯರಿಗೆ ಬಿಡುಗಡೆ ಸಿಕ್ಕಿರಲಿಲ್ಲ. ೧೯೭೮ರಲ್ಲಿ ಕಾರ್ಟರ್ ಅಧ್ಯಕ್ಷರು ರುಜುಮಾಡಿದ ಕಾನೂನಿನಿಂದ ಇಬ್ಬರು ವಯಸ್ಕರಿರುವ ಮನೆಗೆ ವರುಷಕ್ಕೆ ಇನ್ನೂರು ಗ್ಯಾಲನ್, ಎಂದರೆ ಏಳುನೂರ ಐವತ್ತು ಲೀಟರಿನಷ್ಟು, ಸ್ವಂತಕ್ಕಾಗಿ ತೆರಿಗೆಯಿಲ್ಲದೆ ಮಾಡಿಕೊಳ್ಳುವ ಅವಕಾಶವಾಯಿತು, ಮಾರಕೂಡದು. ಕರ್ನಾಟಕದಲ್ಲಿ ೧೯೬೫ರ ಅಬಕಾರಿ ಕಾನೂನಿನ ಮೇರೆಗೆ ಪರವಾನಗಿಯಿಲ್ಲದೆ ಮದ್ಯ ಮಾಡುವದು ಇಂದಿಗೂ ಅಪರಾಧ. ಇಂಥ ಕೈಕಟ್ಟಿನ ಸಾಧನಗಳಿಂದ ಹೊರಟವರು ದೊಡ್ಡವರಾದದ್ದೂ ಉಂಟು. ನೌಕಾದಳದಲ್ಲಿದ್ದು ಸ್ಕಾಟ್‌ಲೆಂಡಿನಲ್ಲಿ ಬಿಯರಿನ ರುಚಿ ಕಂಡ ಜಾಕ್ ಮಕಾಲಿಫ್ ಎಂಬವರು ೧೯೭೬ರಲ್ಲಿ ಕ್ಯಾಲಿಫೋರ್ನಿಯದ ಸೊನೋಮಾದಲ್ಲಿ, ಕೋಕಾ-ಕೋಲಾ ಪಾಕದ ಹಳೆಯ ಪೀಪಾಯಿಗಳನ್ನು ಬೆಸೆದು ನ್ಯೂ ಆಲ್ಬಿಯನ್ ಎಂಬ ಚಿಕ್ಕ ಕಾರಖಾನೆಯನ್ನು ಕಟ್ಟಿದರು. ೧೯೮೨ರಲ್ಲಿ ಅದು ಮುಚ್ಚಿತು. ಅದೇ ಪ್ರಾಂತದ ಚೀಕೋದಲ್ಲಿ ೧೯೮೦ರಲ್ಲಿ ಕೆನ್ ಗ್ರಾಸ್ಮನ್ ಅವರು ಡೈರಿಯ ಹಳೆಯ ತೊಟ್ಟಿಗಳಿಂದ ಆರಂಭಿಸಿದ ಸಿಯೆರಾ ನೆವಾಡಾ ಮಾತ್ರ ಬಹು ದೊಡ್ಡದಾಯಿತು.

ಇಷ್ಟೆಲ್ಲ ಕೇಳುತ್ತಿದ್ದರೂ ವೈದ್ಯರ ಕಣ್ಣು ಎರಡನೆಯ ಪೀಪಾಯಿಯ ಬುಡದಲ್ಲಿತ್ತು. ತೂತಿನ ತಗಡು, ಅದರ ಕೆಳಗೆ ನಳ, ಸುತ್ತಲೂ ಒಂದು ಹನಿ ಒಸರದ ಬೆಸುಗೆ.

“ಇದನ್ನ ಬೆಸದವರು ಯಾರು?”

“ಅಗೋ, ಆ ಮೂಲ್ಯಾಗ ತೊಳೀತಾರಲ್ಲ, ಅವರು. ಕುಡಿಯೂದಿಲ್ಲ ಅಜ್ಜಾ. ಬಿಟ್ಟು ಹನ್ನೆರಡು ವರ್ಷ ಆತು.”

“ಹಂಗಾದ್ರ ಇಲ್ಲಿಗ್ಯಾಕ ಬರತಾರ?”

ಮೊಮ್ಮಗನು ಆ ಗೃಹಸ್ಥರನ್ನೇ ಕರೆದು ಕೇಳಿದನು. ಅರವತ್ತರ ಸುಮಾರಿನ ಆಸಾಮಿ. ಬೆರಳುಗಳ ತುಂಬ ಸುಟ್ಟ ಕಲೆ. ಕಟ್ಟುವ ದಿನ ಬರುತ್ತೇನೆ, ಕುಡಿಯುವ ದಿನ ಬರುವದಿಲ್ಲ ಎಂದರು. ಬರಬಾರದ ದಿನ ಬಂದರೆ ಒಳಗೆ ಬಿಡಕೂಡದೆಂದು ಎಲ್ಲರಿಗೂ ಹೇಳಿಟ್ಟಿದ್ದರು. ಒಂದು ಸಾರಿ ಬಂದಿದ್ದರು, ಗೆಳೆಯರು ಬಾಗಿಲು ತೆಗೆಯಲಿಲ್ಲ. ಅಷ್ಟು ಹೇಳಿ ಮತ್ತೆ ತೊಳೆಯಲು ಹೋದರು.

ಮನೆಗೆ ಮರಳುವಾಗ ವೈದ್ಯರು ಮೋಟಾರಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ದೊಡ್ಡಪ್ಪಜ್ಜನ ಸಂಗತಿಯನ್ನೆಲ್ಲ ಮೊಮ್ಮಗನಿಗೆ ಹೇಳಿದರು. ರಾತ್ರಿ ಒಡೆದ ಗಡಿಗೆಗಳ ಸಂಗತಿಯನ್ನು ಸಹ. ಅದನ್ನು ಅವರು ಅದು ವರೆಗೆ ಹೆಂಡತಿಯ ಮುಂದೆಯೂ ಆಡಿರಲಿಲ್ಲ. “ನಾ ಬಾಗಲಾ ತೆಗೆದೇ ಇಟ್ಟಿದ್ದೆ,” ಎಂದರು. ಮೊಮ್ಮಗನು ಏನೂ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ.

ಬಿಯರನ್ನು ಅವರು ಕುಡಿಯಲಿಲ್ಲ. ಮಕ್ಕಳು ಮಾಡುವದೆಲ್ಲ ಸರಿಯೆಂದೂ ಒಪ್ಪಲಿಲ್ಲ. ಎರಡುನೂರು ಲೀಟರು ಹದಿನೈದು ಮಂದಿಗೆ ಹೆಚ್ಚಾಯಿತೆಂದು ಲೆಕ್ಕ ಹಾಕಿ ತೋರಿಸಿದರು. ಹೊರಡುವ ಮುಂಚೆ ತೊಟ್ಟಿಯ ಹತ್ತಿರ ಹೋಗಿ ಕಿವಿಯಿಟ್ಟು ಕೇಳಿದರೆಂದು ಮಾತ್ರ ಮೊಮ್ಮಗನು ತಾಯಿಗೆ ಬರೆದನು.

ಅಳ್ನಾವರಕ್ಕೆ ಬಂದ ಮೇಲೆ ಮಳೆ ತೀರುವ ವರೆಗೆ ಕಾದು, ವೈದ್ಯರು ಇಬ್ಬರು ಆಳುಗಳನ್ನು ಕರೆಯಿಸಿ ಕೊಪ್ಪರಿಗೆಯನ್ನು ಹೊರಗೆ ತೆಗೆಯಿಸಿದರು. ನಳವು ಹಿಡಿದುಕೊಂಡಿತ್ತು, ಎಣ್ಣೆ ಬಿಟ್ಟು ಎರಡು ದಿನ ಇಟ್ಟ ಮೇಲೆ ತಿರುಗಿತು. ಅಣ್ಣನ ಬೆಸುಗೆ ಎಲ್ಲಿಯೂ ಬಿಟ್ಟಿರಲಿಲ್ಲ. ಧಾರವಾಡದಿಂದ ಕಲಾಯಿಯವನನ್ನು ಕರೆತಂದು ಒಳಗೆಲ್ಲ ಕಲಾಯಿ ಮಾಡಿಸಿದರು. ಮಾಘದಲ್ಲಿ ದ್ರಾಕ್ಷಿ ತಂದರು. ಗಡಿಗೆ ಒಂದೇ, ಏಳಲ್ಲ. ಕಣಜದ ಕೋಣೆಗೆ ಹೊಸ ಕೀಲಿ ಹಾಕಿಸಿ ಕೀಲಿಕೈಯನ್ನು ಸೊಸೆಯ ಕೈಯಲ್ಲಿ ಕೊಟ್ಟರು.

ತಿಂಗಳಾದ ದಿನ ಸಂಜೆ, ಮೊಮ್ಮಗನು ನೋಡಬೇಕೆಂದು ಸೊಸೆಯು ಮೊಬೈಲನ್ನು ಹಿಡಿದು ನಿಂತಳು. ಅತ್ತ ಅವನಿಗೆ ಬೆಳಗಿನ ಜಾವ. ಮರಿಮೊಮ್ಮಗಳು ಬತ್ತಿ ಹಚ್ಚಿ ಗಡಿಗೆಯ ಬಾಯೊಳಗೆ ಮೆಲ್ಲಗೆ ಇಳಿಬಿಟ್ಟಳು. ಒಂದು ಗೇಣು ಇಳಿಯುವದರೊಳಗೆ ಬತ್ತಿ ನಂದಿತು.

“ಇನ್ನ ಆಗಿಲ್ಲೋ ತಮ್ಮಾ,” ಎಂದರು ವೈದ್ಯರು. “ಇನ್ನೆಂಟು ದಿನಾ ಬಿಟ್ಟು ಮಾತಾಡೂಣು.”